ಫೇಸ್‌ಬುಕ್ಕಲ್ಲಿ 5000 ಫ್ರೆಂಡ್ಸ್ ತುಂಬಿಹೋಗಿದೆ, ಹಳೇ ಸ್ಟೂಡೆಂಟ್ಸ್ ರಿಕ್ವೆಸ್ಟ್ ತಗೊಳೋಕಾಗ್ತಿಲ್ಲ, ಯಾರನ್ನ ತೆಗೀಲಿ?

ನಿವೃತ್ತ ಮೇಷ್ಟ್ರು

ನಮಸ್ಕಾರ ಎಲ್ರಿಗೂ. ನಾನು 31 ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಅಂತ ಮಲೆನಾಡಲ್ಲೇ ಸುತ್ತಾಡಿ ಈಗ ಶಿವಮೊಗ್ಗದಲ್ಲಿ ಮನೆ. ಫೇಸ್‌ಬುಕ್ಕಿಗೆ 2010ರಲ್ಲಿ ಬಂದೆ, ಮಗ ಅಕೌಂಟ್ ಮಾಡಿಕೊಟ್ಟಿದ್ದ. ಆಗ ಯಾರು ರಿಕ್ವೆಸ್ಟ್ ಕಳಿಸಿದ್ರೂ ಒತ್ತಿಬಿಡ್ತಿದ್ದೆ, ಬಂದೋರನ್ನ ಬಾಗಿಲಲ್ಲಿ ನಿಲ್ಲಿಸಬಾರ್ದು ಅನ್ನೋದು ನಮ್ಮ ಮನೆ ರೂಢಿ, ಇಲ್ಲೂ ಹಂಗೇ ಅಂದ್ಕೊಂಡೆ. ಹೀಗೆ ಒತ್ತಿ ಒತ್ತಿ 5000 ಆಗಿದೆ. ಒಬ್ಬ ಮನುಷ್ಯನ ಪ್ರೊಫೈಲಿಗೆ ಅಲ್ಲಿ ಅಷ್ಟೇ ಫ್ರೆಂಡ್ಸು, ಅದಾದ್ಮೇಲೆ ಒಬ್ರನ್ನ ತಗೋಬೇಕು ಅಂದ್ರೆ ಒಬ್ರನ್ನ ತೆಗೀಬೇಕು.

ಹೋದ ತಿಂಗಳು ಒಬ್ಬ ಹುಡುಗ, ಹುಡುಗ ಅಂತೀನಿ, 1994ರ ಬ್ಯಾಚು, ಈಗ ಅವನಿಗೇ ನಲವತ್ತಾರು ನಲವತ್ತೇಳು ಇರ್ಬೇಕು, ಯಾರ ಹತ್ರಾನೋ ನನ್ನ ನಂಬರ್ ಇಸ್ಕೊಂಡು ಮೆಸೇಜ್ ಮಾಡಿದ್ದ. "ಸರ್, ರಿಕ್ವೆಸ್ಟ್ ಕಳಿಸೋಕೆ ಹೋದ್ರೆ ಆಗ್ತಿಲ್ಲ, ನನ್ನನ್ನ ಬ್ಲಾಕ್ ಮಾಡಿದೀರಾ? ಆವತ್ತು ಲ್ಯಾಬಲ್ಲಿ ಬ್ಯೂರೆಟ್ ಒಡೆದಿದ್ದಕ್ಕೆ ಇನ್ನೂ ಸಿಟ್ಟಿದೆಯಾ?" ಅಂತ. ಓದಿ ಎದೆಯಲ್ಲಿ ಚುರ್ ಅಂತು. ಆ ಬ್ಯೂರೆಟ್ಟು ನನಗೆ ನೆನಪೇ ಇಲ್ಲ, ಅವನು ಮೂವತ್ತು ವರ್ಷದಿಂದ ಹೊತ್ಕೊಂಡು ತಿರುಗ್ತಿದಾನೆ.

ಅವತ್ತಿಂದ ರಾತ್ರಿ ಊಟ ಆದ್ಮೇಲೆ ಕೂತು ಲಿಸ್ಟ್ ನೋಡ್ತಿದೀನಿ. ಯಾರನ್ನ ತೆಗೆಯೋದು? ಅರ್ಧಕ್ಕರ್ಧ ಜನ ಯಾರು ಅಂತಾನೇ ಗೊತ್ತಿಲ್ಲ, ಆದ್ರೂ ತೆಗೆಯೋಕೆ ಕೈ ಬರಲ್ಲ, ಅವರಿಗೆ ಬೇಜಾರಾದ್ರೆ? ಇನ್ನು ನನ್ನ ಜೊತೆ ಹದಿನಾಲ್ಕು ವರ್ಷ ಗಣಿತ ಮಾಡ್ತಿದ್ದ ಮೇಷ್ಟ್ರು ಒಬ್ರು 2021ರಲ್ಲಿ ಕೊರೋನಾದಲ್ಲಿ ಹೋದ್ರು. ಅವರ ಹೆಸರು ಇನ್ನೂ ಲಿಸ್ಟಲ್ಲಿದೆ. ಅವರ ಹುಟ್ಟಿದಬ್ಬಕ್ಕೆ ಈಗಲೂ ಗೊತ್ತಿಲ್ಲದೋರು ನೂರ್ಕಾಲ ಬಾಳಿ ಅಂತ ಹಾಕ್ತಾರೆ. ಅವರನ್ನ ತೆಗೆದ್ರೆ ಒಂದು ಜಾಗ ಸಿಗತ್ತೆ, ನನ್ನ ಕೈಲಂತೂ ಆಗಲ್ಲ.

ನೀವೆಲ್ಲ ಏನ್ಮಾಡ್ತೀರಿ? ಈ ಮಿತಿ ಯಾಕಿಟ್ಟಿದಾರೆ? ಅದು 5000ವೇ ಯಾಕೆ?

ಕೋಡ್ ಬರೆಯೋನು

ಸರ್, ಮೊದ್ಲು ಒಂದು ಸಮಾಧಾನ. ನೀವು ಅನ್‌ಫ್ರೆಂಡ್ ಮಾಡಿದ್ರೆ ಆ ಕಡೆಯವರಿಗೆ ಯಾವ ನೋಟಿಫಿಕೇಶನ್ನೂ ಹೋಗಲ್ಲ. ಅವರಾಗೇ ನಿಮ್ಮ ಪ್ರೊಫೈಲ್ ಹುಡುಕ್ಕೊಂಡು ಬಂದ್ರೆ ಮಾತ್ರ ಗೊತ್ತಾಗೋದು.

ಎರಡನೇದು, ಸೆಟ್ಟಿಂಗ್ಸಲ್ಲಿ ಫಾಲೋ ಅನ್ನೋದನ್ನ ಪಬ್ಲಿಕ್ ಮಾಡಿ. ಫಾಲೋ ಮಾಡೋರಿಗೆ 5000ದ ಮಿತಿ ಇಲ್ಲ. ನೀವು ಪಬ್ಲಿಕ್ ಅಂತ ಹಾಕಿದ ಪೋಸ್ಟ್ ಅವರಿಗೂ ಕಾಣತ್ತೆ, ಮನೆ ಫೋಟೋ ಗೀಟೋ ಫ್ರೆಂಡ್ಸಿಗೆ ಮಾತ್ರ ಇಟ್ಕೋಬೋದು. 2011ರಲ್ಲಿ ಸಬ್‌ಸ್ಕ್ರೈಬ್ ಅಂತ ತಂದಿದ್ರು, ಆಮೇಲೆ ಅದೇ ಫಾಲೋ ಆಯ್ತು, ಇದೇ ತಾಪತ್ರಯಕ್ಕೇ ಅಂತ.

ಯಾಕೆ ಮಿತಿ ಅನ್ನೋದನ್ನ ಸಂಜೆ ಕೂತು ಬರೀತೀನಿ, ಈಗ ಮೀಟಿಂಗಿದೆ.

ಹುಬ್ಬಳ್ಳಿ ರಕ್ತದಾನಿ

ನಮಸ್ಕಾರ್ರೀ ಸರ್. ನಿಮ್ಮದು ಓದಿ ನಮ್ಮ ಸಾಲಿ ಮಾಸ್ತರು ನೆನಪಾದ್ರು.

ನಂದು ಬ್ಯಾರೆ ತ್ರಾಸ ಐತ್ರಿ. ನಾವು ಹುಬ್ಬಳ್ಳಿ ಧಾರವಾಡದಾಗ ರಕ್ತ ಬೇಕಾದವ್ರಿಗೆ ದಾನಿಗಳನ್ನ ಹುಡುಕಿ ಕೊಡ್ತೀವಿ, ಹನ್ನೊಂದು ವರ್ಷ ಆತು. ವಾಟ್ಸಾಪ್ ಗ್ರೂಪಿಗೆ ಮೊದಲ 100 ಜನ ಇತ್ತು, 2016ಕ್ಕ 256 ಮಾಡಿದ್ರು, 2022ರಾಗ 512, ಅದೇ ವರ್ಷ ಮತ್ತ 1024. ಪ್ರತಿ ಸಲ ಹೆಚ್ಚಾದಾಗ ನಾವು ಕುಣದಾಡೀವ್ರಿ, ಇನ್ನೊಂದಿಷ್ಟು ಮಂದಿ ಹಿಡೀತಾರ ಅಂತ. ಒಂದ ಮೆಸೇಜನ್ನ ಎಲ್ಲಾರಿಗೂ ಬ್ಯಾರೆ ಬ್ಯಾರೆ ಮುಟ್ಟಿಸೋ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಐತಿ, ಆದ್ರ ಅದರಾಗ ಒಂದು ಕರಾರು, ಆ ಕಡಿಯವ್ರು ನಮ್ಮ ನಂಬರ್ ಸೇವ್ ಮಾಡಿದ್ರಷ್ಟ ಮೆಸೇಜ್ ಮುಟ್ಟತೈತಿ. ಒಂದು ರಾತ್ರಿ ಎರಡೂವರಿಗೆ ಬಾಣಂತಿಗೆ ಬಿ ನೆಗೆಟಿವ್ ಬೇಕಾಗಿತ್ತು, 256 ಮಂದಿಗೆ ಕಳಿಸೀನಿ ಅಂತ ನಾ ಧೈರ್ಯದಿಂದ ಕುಂತೀನಿ, ಅದರಾಗ ಎಷ್ಟ ಮಂದಿ ನಮ್ಮ ನಂಬರ್ ಇಟ್ಕೊಂಡಿದ್ರೋ ದೇವರಿಗೇ ಗೊತ್ತು. ಕಡೀಕ ಒಬ್ಬೊಬ್ರಿಗೆ ಫೋನ್ ಹಚ್ಚಿ ಎಬ್ಬಿಸಿದ್ವಿ. ಹದಿಮೂರನೇ ಫೋನಿಗೆ ಒಬ್ಬಾಂವ ಬಂದ. ತಾಯಿ ಮಗು ಇಬ್ರೂ ಆರಾಮದಾರ.

ಹಂಗಾಗಿ ಮಿತಿ ಅಂದ್ರ ನನಗ ಸಿಟ್ಟು ಬರತೈತ್ರಿ. ಒಳ್ಳೇ ಕೆಲಸಕ್ಕ ಯಾಕ ಮಿತಿ ಬೇಕು?

ಕಡಲತಡಿ

ಮೇಷ್ಟ್ರೇ, ನಾನು ಉಡುಪಿ ಕಡೆಯವಳು. ನನ್ನ ಲಿಸ್ಟಲ್ಲಿ ಇರುವುದು 180 ಜನ, ಅದಕ್ಕಿಂತ ಮೇಲೆ ನಾನೇ ಬಿಡುವುದಿಲ್ಲ. ಒಮ್ಮೆ ಸಾವಿರದ ಹತ್ರ ಇತ್ತು. ನಮ್ಮದೇ ಜನ, ಪರಿಚಯದವರ ಪರಿಚಯ ಅಂತ ತೆಗೆದುಕೊಂಡದ್ದು. ಅದರಲ್ಲಿ ಒಬ್ಬ ನನ್ನ ಮಗಳ ಸ್ಕೂಲ್ ಡೇ ಫೋಟೋ ತೆಗೆದುಕೊಂಡು ಬೇರೆ ಕಡೆ ಹಾಕಿದ್ದ. ಅವ ಯಾರು ಅಂತ ನೋಡಿದ್ರೆ ನನ್ನ ಗಂಡನ ಆಫೀಸಿನವರ ಊರಿನವ, ಅಷ್ಟೇ ಸಂಬಂಧ. ಅವತ್ತು ಇಡೀ ರಾತ್ರಿ ನಿದ್ದೆ ಇಲ್ಲ. ಮರುದಿನ ಕೂತು ಎಂಟುನೂರು ಜನರನ್ನ ತೆಗೆದೆ. 2020ರಲ್ಲಿ ನಮ್ಮ ದೇಶದಲ್ಲಿ ಫ್ರೆಂಡ್ಸ್ ಅಲ್ಲದವರಿಗೆ ನಮ್ಮ ಫೋಟೋ ಪೋಸ್ಟ್ ಕಾಣದ ಹಾಗೆ ಪ್ರೊಫೈಲ್ ಲಾಕ್ ಅಂತ ಬಂತಲ್ಲ, ಬಂದ ವಾರವೇ ಹಾಕಿಕೊಂಡೆ.

ರಕ್ತದಾನಿ ಅಣ್ಣ, ನಿಮ್ಮ ಕೆಲಸಕ್ಕೆ ಕೈ ಮುಗೀತೇನೆ. ಆದರೆ ಹೆಣ್ಣುಮಕ್ಕಳನ್ನ ಕೇಳಿ ನೋಡಿ, ಮಿತಿ ಇನ್ನೂ ಕಡಿಮೆ ಇದ್ದಿದ್ರೆ ಅಂತ ಎಷ್ಟು ಜನ ಹೇಳ್ತಾರೆ ಅಂತ.

ಕೋಡ್ ಬರೆಯೋನು

ಬಂದೆ. ಉದ್ದ ಆಗತ್ತೆ.

ಫ್ರೆಂಡ್ ಮತ್ತೆ ಫಾಲೋ, ಇವೆರಡೂ ಕಂಪ್ಯೂಟರಿಗೆ ಬೇರೆ ಬೇರೆ ಜಾತಿ ಸಂಬಂಧ. ಫಾಲೋ ಒಂದೇ ಕಡೆಯದು, ನಾನು ನಟನೊಬ್ಬನ್ನ ಫಾಲೋ ಮಾಡಿದ್ರೆ ಅವನಿಗೆ ನಾನು ಯಾರು ಅಂತಾನೂ ಗೊತ್ತಿರಬೇಕಿಲ್ಲ. ಫ್ರೆಂಡ್ ಎರಡೂ ಕಡೆಯದು, ಇಬ್ರ ಲಿಸ್ಟಲ್ಲೂ ಬರೀಬೇಕು. ನಿಮ್ಮ ಪೋಸ್ಟ್ ಫ್ರೆಂಡ್ಸಿಗೆ ಮಾತ್ರ ಅಂದ್ರೆ, ನೋಡೋಕೆ ಬಂದ ಪ್ರತಿಯೊಬ್ರೂ ನಿಮ್ಮ ಲಿಸ್ಟಲ್ಲಿ ಇದಾರಾ ಅಂತ ಪ್ರತಿ ಸಲ ಚೆಕ್ ಆಗ್ಬೇಕು, ಕಣ್ಣು ರೆಪ್ಪೆ ಬಡಿಯೋಷ್ಟರಲ್ಲಿ. ಅಷ್ಟು ಫ್ರೆಂಡ್ಸ್ ಹಾಕಿದ್ದನ್ನೆಲ್ಲ ಗುಡ್ಡೆ ಹಾಕಿ, ಅದರಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಜೋಡಿಸಿ ಫೀಡ್ ಮಾಡ್ಬೇಕು. ಲಿಸ್ಟಿಗೆ ಒಂದು ಮೇಲ್ಮಿತಿ ಇದ್ರೆ ಎಂಜಿನಿಯರಿಗೆ ಇಷ್ಟರೊಳಗೆ ಮುಗೀತು ಅಂತ ಲೆಕ್ಕ ಸಿಗತ್ತೆ.

ಇದು ಬರೀ ಒಬ್ರದ್ದಲ್ಲ. ಒಬ್ಬನಿಗೆ 150 ಜನ ಫ್ರೆಂಡ್ಸು, ಅವರಿಗೂ ತಲಾ 150 ಅಂತ ಇಟ್ಕೊಳಿ, ಸ್ನೇಹಿತರ ಸ್ನೇಹಿತರು 22,500. ಎಲ್ರಿಗೂ 5000 ಇದ್ರೆ? ಎರಡೂವರೆ ಕೋಟಿ. ಒಬ್ರೇ ಇಬ್ರ ಲಿಸ್ಟಲ್ಲೂ ಇರ್ತಾರೆ, ಹಾಗಾಗಿ ನಿಜವಾಗಿ ಅಷ್ಟಿರಲ್ಲ, ಆದ್ರೂ ಲೆಕ್ಕದ ದಾರಿ ನೋಡಿ. 2011ರ ಜನಗಣತಿಲಿ ಇಡೀ ಕರ್ನಾಟಕವೇ 6 ಕೋಟಿ 11 ಲಕ್ಷ. ಕಡಲತಡಿ ಅಕ್ಕ ಹೇಳಿದ್ದು ಇದೇ, ಸ್ನೇಹಿತರ ಸ್ನೇಹಿತರಿಗೆ ಕಾಣಲಿ ಅಂತ ಒಂದು ಫೋಟೋ ಬಿಟ್ರೆ ಅದು ಎಲ್ಲಿಗೆ ಬೇಕಾದ್ರೂ ಹೋಗ್ಬೋದು. 2016ರಲ್ಲಿ ಫೇಸ್‌ಬುಕ್ಕಿನವರೇ ಲೆಕ್ಕ ಹಾಕಿ, ತಮ್ಮಲ್ಲಿರೋ ಯಾವುದೇ ಇಬ್ರ ಮಧ್ಯೆ ಸರಾಸರಿ ಮೂರೂವರೆ ಜನ ಇದಾರೆ ಅಂತ ಹೇಳಿದ್ರು, ಸರಿಯಾಗಿ 3.57.

5000ವೇ ಯಾಕೆ ಅಂದ್ರೆ, ಅದು ಪ್ರಕೃತಿ ನಿಯಮ ಅಲ್ಲ, ಕೂತು ತೀರ್ಮಾನ ಮಾಡಿದ್ದು. ಒಬ್ಬೊಬ್ರದ್ದು ಒಂದೊಂದು. ಈಗ ಮುಚ್ಚಿಹೋಗಿರೋ ಆರ್ಕುಟ್ ಜಾಲತಾಣದಲ್ಲಿ 1000 ಇತ್ತು. ಅದೇ ಥರ ಮುಚ್ಚಿದ ಗೂಗಲ್ ಪ್ಲಸ್ಸಲ್ಲಿ ಸರ್ಕಲ್ಲುಗಳಿಗೆ, ಅಂದ್ರೆ ಪರಿಚಯದೋರನ್ನ ಹಾಕಿಡೋ ಗುಂಪುಗಳಿಗೆ, 5000 ಇತ್ತು. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್ನಲ್ಲಿ 30,000. ಇನ್‌ಸ್ಟಾಗ್ರಾಂನಲ್ಲಿ ನೀವು 7,500 ಜನರನ್ನ ಫಾಲೋ ಮಾಡ್ಬೋದು, ನಿಮ್ಮನ್ನ ಮಾತ್ರ ಎಷ್ಟು ಕೋಟಿ ಜನ ಬೇಕಾದ್ರೂ ಮಾಡ್ಬೋದು. ಟ್ವಿಟ್ಟರಲ್ಲಿ, ಈಗ ಎಕ್ಸ್ ಅಂತಾರಲ್ಲ, 2015ರಲ್ಲಿ 2000 ಇದ್ದಿದ್ದನ್ನ 5000ಕ್ಕೆ ಏರಿಸಿದ್ರು, ಅದರ ಮೇಲೆ ಹೋಗ್ಬೇಕು ಅಂದ್ರೆ ನಿಮ್ಮನ್ನ ಎಷ್ಟು ಜನ ಫಾಲೋ ಮಾಡ್ತಾರೆ ಅನ್ನೋದನ್ನ ನೋಡ್ತಾರೆ. ದಿನಕ್ಕೆ ಇಷ್ಟೇ ಅಂತಾನೂ ಇದೆ, 2019ರಲ್ಲಿ ಸಾವಿರದಿಂದ 400ಕ್ಕೆ ಇಳಿಸಿದ್ರು, ಮೆಶಿನ್ ಹಚ್ಚಿ ಸಿಕ್ಕಸಿಕ್ಕೋರನ್ನ ಫಾಲೋ ಮಾಡಿ ಮತ್ತೆ ಬಿಡ್ತಿದ್ದೋರ ಕಾಟಕ್ಕೆ.

ಮಾಜಿ ಆರ್ಕುಟಿಗ

ಆರ್ಕುಟ್ ಹೆಸರು ಕೇಳಿ ಬಂದೆ. ಕನ್ನಡದ ಕಮ್ಯುನಿಟಿಗಳು, ಒಬ್ರ ಪುಟದಲ್ಲಿ ಒಬ್ರು ಬರೆಯೋ ಸ್ಕ್ರ್ಯಾಪು, ಸ್ನೇಹಿತರನ್ನ ಹೊಗಳಿ ಬರೆಯೋ ಟೆಸ್ಟಿಮೋನಿಯಲ್ಲು. 2014 ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದ್ರು. ಅಲ್ಲಿ ನನಗೆ 212 ಜನ ಇದ್ರು, ಅವರಲ್ಲಿ ಒಂದೈವತ್ತು ಜನದ ಜೊತೆ ಇವತ್ತಿಗೂ ಮಾತಿದೆ. ಆಮೇಲೆ ಸೇರಿದ ಜಾಲತಾಣದಲ್ಲಿ 3000 ಜನ ಆದ್ರು, ಅವರಲ್ಲಿ ಹೊಸದಾಗಿ ಉಳಿದೋರು ನಾಲ್ಕೋ ಐದೋ.

ಮೈಸೂರಿನ ಮಗಳು, ನ್ಯೂಜೆರ್ಸಿ

ಮೇಷ್ಟ್ರಿಗೆ ನಮಸ್ಕಾರ. ನಮ್ಮಮ್ಮನ ವಿಷಯ ಹೇಳ್ತೀನಿ. ಅವರಿಗೆ 72, ಮೈಸೂರಲ್ಲಿ ಒಬ್ರೇ ಇದಾರೆ. ಅವರು ಫೇಸ್‌ಬುಕ್ಕಲ್ಲಿ ಯಾರನ್ನ ತಗೋತಾರೆ ಗೊತ್ತಾ, ಯಾರ ಮನೆಗೆ ಹೋದ್ರೆ ಕುಂಕುಮ ಕೊಟ್ಟು ಕಳಿಸ್ತಾರೋ ಅವರನ್ನ ಮಾತ್ರ. ಗಂಡಸರಾದ್ರೆ ಅವರ ಹೆಂಡ್ತಿ ಪರಿಚಯ ಇರ್ಬೇಕು. 94 ಜನ. ನಾನು ನಗ್ತಿದ್ದೆ. ಅಪ್ಪ ಹೋದಾಗ ನಾನು ಇಲ್ಲಿಂದ ಹೊರಟು ತಲುಪೋಕೆ ಮೂವತ್ತು ಗಂಟೆ ಆಯ್ತು, ಅಷ್ಟು ಹೊತ್ತೂ ಅಮ್ಮನ ಜೊತೆ ಇದ್ದೋರು, ಅಡುಗೆ ಮಾಡಿ ತಂದೋರು, ಪುರೋಹಿತರಿಗೆ ಹೇಳಿದೋರು, ಎಲ್ಲಾ ಆ 94ರೊಳಗಿನೋರೇ. ಅವತ್ತಿಂದ ನಗೋದು ಬಿಟ್ಟೆ.

ಆಮೇಲೆ ಇದರ ಬಗ್ಗೆ ಓದ್ತಾ ಹೋದೆ. ರಾಬಿನ್ ಡನ್‌ಬಾರ್ ಅಂತ ಬ್ರಿಟನ್ನಿನ ವಿಜ್ಞಾನಿ, 1992ರಲ್ಲಿ ಕೋತಿ ಜಾತಿ ಪ್ರಾಣಿಗಳ ಮಿದುಳಿನ ಹೊರಪದರದ ಅಳತೆಯನ್ನೂ ಗುಂಪಿನ ಗಾತ್ರವನ್ನೂ ಹೋಲಿಸಿ, ಆ ಲೆಕ್ಕದಲ್ಲಿ ಮನುಷ್ಯನಿಗೆ ಸುಮಾರು 150 ಜನ ಬರತ್ತೆ ಅಂದ್ರು. ಒಬ್ರಿಗೊಬ್ರು ಹೆಂಗೆ ಗೊತ್ತು ಅನ್ನೋದೂ ಸೇರಿ ನೆನಪಿಟ್ಕೊಂಡು ನಡೆಸೋಕಾಗೋ ಸಂಬಂಧ ಅಷ್ಟು. ಅದರೊಳಗೆ ಪದರ ಪದರ, ತೀರಾ ಹತ್ರದೋರು 5, ಆಮೇಲೆ 15, 50, 150. 2016ರಲ್ಲಿ ಅವರೇ ಬ್ರಿಟನ್ನಿನ ಜಾಲತಾಣ ಬಳಕೆದಾರರ ಸರ್ವೆಗಳನ್ನ ನೋಡಿ, ಆನ್‌ಲೈನ್ ಬಂದ್ರೂ ಈ ಪದರಗಳು ಹಿಗ್ಗಿಲ್ಲ ಅಂತ ಬರೆದ್ರು. ಎಲ್ರೂ ಒಪ್ಪಿಲ್ಲ, 2021ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು ಅದೇ ಲೆಕ್ಕ ಮತ್ತೆ ಮಾಡಿ, ಹೀಗೆ ಒಂದು ಸಂಖ್ಯೆ ಹಿಡಿದು ಹೇಳೋಕಾಗಲ್ಲ, ಅಂದಾಜಿನ ವ್ಯಾಪ್ತಿ ಸಿಕ್ಕಾಪಟ್ಟೆ ದೊಡ್ಡದು ಅಂದ್ರು. ಅದೂ ಸರೀನೇ ಇರ್ಬೋದು. ನಂಗೆ 150 ಅನ್ನೋ ಅಂಕಿ ಮುಖ್ಯ ಅಲ್ಲ, ಪದರ ಅನ್ನೋ ಮಾತು ಮುಖ್ಯ. ನಮ್ಮಲ್ಲಿ ಲಗ್ನಪತ್ರಿಕೆ ಹಂಚುವಾಗ ಲಿಸ್ಟ್ ಮಾಡ್ತಾರಲ್ಲ, ಅಕ್ಷತೆ ಇಟ್ಟು ಮನೆಗೇ ಹೋಗಿ ಕರೆಯೋರು, ದಾರೀಲಿ ಸಿಕ್ಕಾಗ ಕೊಡೋರು, ಪೋಸ್ಟಲ್ಲಿ ಕಳಿಸೋರು. ಮೂರೂ ಒಂದೇ ಪತ್ರಿಕೆ, ಆದ್ರೆ ಮೂರೂ ಒಂದೇ ಅಲ್ಲ. ಫೇಸ್‌ಬುಕ್ಕಲ್ಲಿ 5000 ಜನಕ್ಕೂ ಫ್ರೆಂಡ್ ಅಂತ ಒಂದೇ ಹೆಸರು. ಮೇಷ್ಟ್ರಿಗೆ ತೊಂದ್ರೆ ಆಗಿದ್ದು ಅಲ್ಲೇ ಅನ್ಸತ್ತೆ.

ಕೋಡ್ ಬರೆಯೋನು

ಮೈಸೂರಿನ ಮಗಳು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪಾತ್ ಅಂತ ಒಂದು ಆ್ಯಪ್ 2010ರಲ್ಲಿ ಬಂದಿತ್ತು, ಡನ್‌ಬಾರ್ ಮಾತನ್ನೇ ಹಿಡ್ಕೊಂಡು ಒಬ್ರಿಗೆ 50 ಜನ ಮಾತ್ರ ಅಂತ ಇಟ್ಟಿದ್ರು. ಆಮೇಲೆ 150 ಮಾಡಿದ್ರು, 2018ರಲ್ಲಿ ಮುಚ್ಚಿದ್ರು. ನಾನು ಅದನ್ನ ಒಂದು ವರ್ಷ ಬಳಸಿದ್ದೆ, ಜಗಳ ಇಲ್ಲ, ಜಾಹೀರಾತಿನ ಗಲಾಟೆ ಇಲ್ಲ. ಅಂಥದ್ದು ಯಾಕೆ ಉಳೀಲಿಲ್ಲ ಅಂತ ಈಗಲೂ ಸಂಕಟ ಆಗತ್ತೆ.

ಸಿಂಧನೂರು ಪದವೀಧರ

ಎಲ್ಲಾರೂ ದೊಡ್ಡವರು ಮಾತಾಡಾಕತ್ತೀರಿ, ನಾನು ಸಣ್ಣಾಂವ, ತಪ್ಪಿದ್ರ ಕ್ಷಮಿಸ್ರಿ. ಆದ್ರ ಹೇಳಬೇಕು.

ನಮ್ಮ ಮನ್ಯಾಗ ಡಿಗ್ರಿ ಮಾಡಿದಾಂವ ನಾನ ಮೊದಲ. ಅಪ್ಪ ಭತ್ತದ ಗದ್ದಿಯಾಗ ದುಡಿತಾನ. ಬೆಂಗಳೂರಾಗ ಕಂಪನಿಯಾಗ ಇರೋ ಮಾವ ಇಲ್ಲ, ಚಿಕ್ಕಪ್ಪ ಇಲ್ಲ. ನಿಮ್ಮ 150ರ ಪದರದಾಗ ಒಬ್ಬ ಮ್ಯಾನೇಜರ್ ಆದ್ರೂ ಇರ್ತಾನ, ನನ್ನ 150ರಾಗ ಒಬ್ಬನೂ ಇಲ್ರಿ. ನನಗ ಪರಿಚಯ ಇಲ್ಲದವರ ಜೋಡಿ ಪರಿಚಯ ಮಾಡ್ಕೊಳ್ಳೋದ ಒಂದ ದಾರಿ. ಉದ್ಯೋಗದ ಜಾಲತಾಣ ಒಂದರಾಗ ದಿನಾ ಇಪ್ಪತ್ತು ಮೂವತ್ತು ಮಂದಿಗೆ ರಿಕ್ವೆಸ್ಟ್ ಕಳಸ್ತಿದ್ದೆ, ಈ ವಾರದ ಮಿತಿ ಮುಗೀತು ಅಂತ ನಿಲ್ಲಿಸಿಬಿಟ್ರು, ಎರಡನೇ ಸಲ ಅಕೌಂಟನ್ನ ಹತ್ತು ದಿನ ತಡೆಹಿಡದ್ರು. ಅದ ಹತ್ತು ದಿನದಾಗ ನಾನು ಅರ್ಜಿ ಹಾಕಬೇಕಿದ್ದ ಕಡೆ ಕೊನೇ ತಾರೀಖು ಮುಗದ ಹೋತು.

ದುಡ್ಡು ಕಟ್ಟಿದವ್ರಿಗೆ ಪರಿಚಯ ಇಲ್ಲದವ್ರಿಗೂ ನೇರ ಮೆಸೇಜ್ ಕಳಿಸೋ ಸೌಲತ್ತು ಇರತೈತಿ. ದುಡ್ಡಿಲ್ಲದವನಿಗೆ ಮಿತಿ. ಆಗಲೇ ಮಂದಿ ಇದ್ದವನಿಗೆ ಮಿತಿ ತಾಗೂದ ಇಲ್ಲ, ಮಂದಿ ಇಲ್ಲದವನಿಗೇ ತಾಗತೈತಿ. ಮಿತಿ ಛಲೋ ಅನ್ನೋ ಮುಂಚೆ ಇದನ್ನೂ ನೋಡ್ರಿ.

ನಿವೃತ್ತ ಮೇಷ್ಟ್ರು

ಸಿಂಧನೂರಿನ ತಮ್ಮಾ, ನೀನು ಸಣ್ಣೋನು ಅಂತ ಹಿಂಜರೀಬೇಡ. ಈ ಇಡೀ ಚರ್ಚೇಲಿ ನಾನು ಯೋಚನೆ ಮಾಡದೇ ಇದ್ದ ಮಾತು ನಿಂದೇ. ನನ್ನ ಲಿಸ್ಟಲ್ಲಿ ಇಂಜಿನಿಯರ್ ಆದ ಹುಡುಗರು ತುಂಬಾ ಇದಾರೆ. ನಿನ್ನ ಓದು ಏನು ಅಂತ ನನಗೆ ಖಾಸಗಿಯಾಗಿ ಬರಿ.

ಮೈಸೂರಿನ ಮಗಳು, ನ್ಯೂಜೆರ್ಸಿ

ಸಿಂಧನೂರಿನೋರು ಹೇಳಿದ್ದಕ್ಕೆ ಆಧಾರ ಇದೆ. ಮಾರ್ಕ್ ಗ್ರಾನೋವೆಟರ್ ಅಂತ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ರು, ಕೆಲಸದ ಸುದ್ದಿ ತೀರಾ ಹತ್ರದೋರಿಂದ ಬರೋದಕ್ಕಿಂತ ಅಲ್ಪಸ್ವಲ್ಪ ಪರಿಚಯದೋರಿಂದ ಬರೋದೇ ಹೆಚ್ಚು ಅಂತ, ಯಾಕಂದ್ರೆ ಹತ್ರದೋರಿಗೆ ಗೊತ್ತಿರೋದು ನಮಗೂ ಗೊತ್ತಿರತ್ತೆ. 2022ರಲ್ಲಿ ಲಿಂಕ್ಡ್‌ಇನ್ನಿನ 2 ಕೋಟಿ ಜನರ ಮೇಲೆ ಐದು ವರ್ಷ ಮಾಡಿದ ಪ್ರಯೋಗದ ಫಲಿತಾಂಶ ಸೈನ್ಸ್ ಪತ್ರಿಕೇಲಿ ಬಂತು, ಅದರಲ್ಲೂ ಹೆಚ್ಚುಕಮ್ಮಿ ಹೀಗೇ, ಮಧ್ಯಮ ಪರಿಚಯದೋರಿಂದಲೇ ಕೆಲಸ ಬದಲಾಗಿದ್ದು ಜಾಸ್ತಿ. ನಾನು ಅಮ್ಮನ 94ನ್ನೇ ಹಿಡ್ಕೊಂಡು ಮಾತಾಡ್ದೆ. ಅಮ್ಮನಿಗೆ ಬೇಕಾಗಿರೋದು ಹೆಗಲು, ನಿಮಗೆ ಬೇಕಾಗಿರೋದು ಬಾಗಿಲು. ಎರಡಕ್ಕೂ ಒಂದೇ ಅಳತೆ ಆಗಲ್ಲ, ನನ್ನ ಮಾತು ಅಲ್ಲಿಗೆ ತಿದ್ಕೋತೀನಿ.

ಕೋಡ್ ಬರೆಯೋನು

ತಮ್ಮಾ, ವಾರದ ಮಿತಿ ಇರೋದು ನಿನ್ನಂಥೋರ ಮೇಲೆ ಸಿಟ್ಟಿಗಲ್ಲ, ಒಂದೇ ಸಲ ಸಾವಿರಾರು ಜನಕ್ಕೆ ಮೆಶಿನ್ನಿಂದ ಕಳಿಸೋರನ್ನ ತಡೆಯೋಕೆ. ಆದ್ರೆ ನೀನು ಹೇಳಿದ್ದೇ ಸರಿ, ಆ ಬಲೆಗೆ ಸಿಗೋರು ಇಬ್ರೂ. ಒಂದು ಕೆಲಸ ಮಾಡು. ಒಟ್ಟಿಗೆ ಮೂವತ್ತು ಕಳಿಸ್ಬೇಡ. ದಿನಕ್ಕೆ ನಾಲ್ಕು, ನೀನು ಸೇರಬೇಕು ಅಂತಿರೋ ಕೆಲಸದಲ್ಲೇ ಇರೋರಿಗೆ. ಮೊದಲು ಅವರನ್ನ ಫಾಲೋ ಮಾಡು, ಅವರು ಬರೆದಿದ್ದಕ್ಕೆ ಒಂದೆರಡು ಕಡೆ ಕಾಮೆಂಟ್ ಹಾಕು, ಆಮೇಲೆ ರಿಕ್ವೆಸ್ಟ್. ಉತ್ತರ ಬರದೇ ಬಿದ್ದಿರೋ ಹಳೇ ರಿಕ್ವೆಸ್ಟುಗಳನ್ನ ವಾಪಸ್ ತಗೋ.

ಯಕ್ಷಾಭಿಮಾನಿ

ಮೇಷ್ಟ್ರಿಗೆ ಯಾರಾದ್ರೂ ಪ್ರೊಫೈಲನ್ನೇ ಪೇಜ್, ಅಂದ್ರೆ ಸಾರ್ವಜನಿಕ ಪುಟ, ಮಾಡಿ ಅಂತ ಹೇಳುವ ಮೊದಲು ನನ್ನದು ಕೇಳಿ. ನಾವು ಯಕ್ಷಗಾನ ಮೇಳದ ಒಬ್ಬ ಕಲಾವಿದರ ಖಾತೆಯನ್ನ ಒಂದು ಜಾಲತಾಣದಲ್ಲಿ ಹಾಗೆ ಬದಲಾಯಿಸಿದ್ದು. ಮಿತಿ ಹೋಯ್ತು ಮಾರ್ರೆ, ಸರಿ. ಆದ್ರೆ ಹದಿನೈದು ವರ್ಷದ ಮೆಸೇಜುಗಳು ಅಲ್ಲಿಗೆ ಬರಲೇ ಇಲ್ಲ. ಆಟದ ಜಾಗ ಸಮಯ ಹಾಕಿದ್ರೆ ಮೊದಲು ಮುನ್ನೂರು ಜನ ಬರುವೆ ಅಂತ ಹೇಳ್ತಿದ್ರು, ಪೇಜ್ ಆದ ಮೇಲೆ ಇಪ್ಪತ್ತು ಜನಕ್ಕೂ ಕಾಣುವುದಿಲ್ಲ, ಕಾಣಬೇಕಾದ್ರೆ ದುಡ್ಡು ಕೊಟ್ಟು ಬೂಸ್ಟ್ ಮಾಡ್ಬೇಕು. ಬದಲಾಯಿಸುವ ಮುಂಚೆ ಎಲ್ಲಾ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಇಲ್ಲವೇ ಹೊಸ ಪೇಜ್ ಬೇರೆಯೇ ಮಾಡಿ, ಹಳೆಯದನ್ನ ಮುಟ್ಟಬೇಡಿ.

ಹುಬ್ಬಳ್ಳಿ ರಕ್ತದಾನಿ

ಕಡಲತಡಿ ಅಕ್ಕಾರ ಮಾತು ಓದಿ ಎರಡು ದಿನ ವಿಚಾರ ಮಾಡಿದೆ. ಒಂದು ನಾ ಮರತಿದ್ದೆ ನೋಡ್ರಿ. 2018ರ ಜುಲೈ, ಬೀದರ ಜಿಲ್ಲಾ ಮುರ್ಕಿ. ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪಿನಾಗ ಹಬ್ಬಿದ ಸುಳ್ಳ ಸುದ್ದಿಗೆ, ಹೈದರಾಬಾದಿಂದ ಬಂದಿದ್ದ ಸಾಫ್ಟ್‌ವೇರ್ ಹುಡುಗನ್ನ ಮಂದಿ ಬಡದ ಕೊಂದ್ರು. ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದ ಅವರ ತಪ್ಪು. ಅದಕ್ಕ ಎರಡು ತಿಂಗಳ ಮೊದಲ ಬೆಂಗಳೂರು ಚಾಮರಾಜಪೇಟ್ಯಾಗೂ ರಾಜಸ್ಥಾನದ ಒಬ್ಬಾಂವನ್ನ ಹಂಗ ಕೊಂದಿದ್ರು. ಮುರ್ಕಿದು ಆದ ತಿಂಗಳದಾಗ ವಾಟ್ಸಾಪಿನವ್ರು ನಮ್ಮ ದೇಶಕ್ಕ ಒಂದು ಸಲಕ್ಕ 5 ಚಾಟಿಗಷ್ಟ ಫಾರ್ವರ್ಡ್ ಅಂತ ಮಿತಿ ಹಾಕಿದ್ರು. 2019ಕ್ಕ ಜಗತ್ತಿಗೆಲ್ಲ ಅದ ಆತು. 2020ರಾಗ ಕೊರೋನಾ ಸುಳ್ಳುಗಳಿಗೆ, ಬಾಳ ಸಲ ಫಾರ್ವರ್ಡ್ ಆದದ್ದನ್ನ ಒಂದ ಚಾಟಿಗೆ ಅಂತ ಮಾಡಿದ್ರು, ಆಮ್ಯಾಲ ಅಂಥಾ ಮೆಸೇಜ್ ನೂರಕ್ಕ 70 ಕಡಿಮಿ ಆದ್ವು ಅಂತ ಅವರ ಹೇಳಿದ್ರು.

ಲೆಕ್ಕಾ ಹಾಕಿ ನೋಡಿದೆ. 256ರ ಐದು ಗ್ರೂಪಿಗೆ ಕಳಿಸಿದ್ರ 1280 ಮಂದಿ, ಒಂದು ಬಟನ್ನಿಗೆ. ಇಪ್ಪತ್ತು ಗ್ರೂಪಿಗೆ ಆದ್ರ 5120. ನಮ್ಮ ರಕ್ತದ ಸುದ್ದಿ ಓಡೋ ದಾರ್ಯಾಗ ಆ ಸುಳ್ಳೂ ಓಡತೈತಿ, ಅಷ್ಟ ಲಗೂನ ಓಡತೈತಿ. ಆ ಹುಡುಗನ ಅವ್ವ ಅಪ್ಪನ ಮುಂದ ನಿಂತು ನನಗ ಮಿತಿ ಬ್ಯಾಡ ಅಂತ ಹೇಳಾಕ ಬಾಯಿ ಬರೂದಿಲ್ರಿ.

ನಮ್ಮ ಗ್ರೂಪಿನ ವಿಷಯಕ್ಕ ಬಂದ್ರ, ಈಗ 1024ರ ಒಂದ ಗ್ರೂಪ್ ಬಿಟ್ಟು ಬಡಾವಣಿ ಪ್ರಕಾರ, ರಕ್ತದ ಗುಂಪಿನ ಪ್ರಕಾರ ಸಣ್ಣ ಸಣ್ಣ ಲಿಸ್ಟ್ ಮಾಡೀವಿ. ವಿದ್ಯಾನಗರ, ಕೇಶ್ವಾಪುರ, ನವನಗರ, ಧಾರವಾಡ ಸಪ್ತಾಪುರ ಹಿಂಗ. ನೆಗೆಟಿವ್ ಗುಂಪಿನವ್ರದು ಒಂದ ಲಿಸ್ಟ್, ಅವರಿಗೆ ಮೊದಲ ಫೋನ್ ಮಾಡಿ ನಮ್ಮ ನಂಬರ್ ಸೇವ್ ಮಾಡಸ್ತೀವಿ. ಆದ್ರೂ ಬ್ರಾಡ್‌ಕಾಸ್ಟಿಗೆ 256 ಸಾಲೂದಿಲ್ಲ, ಆ ಮಾತಿನ್ಯಾಗ ನಾ ಗಟ್ಟಿ ಇದ್ದೀನಿ.

ಕೋಡ್ ಬರೆಯೋನು

ರಕ್ತದಾನಿ ಅಣ್ಣ, ಗ್ರೂಪ್ ದೊಡ್ಡದಾದಷ್ಟು ಇನ್ನೊಂದಾಗತ್ತೆ. 256 ಜನರ ಗ್ರೂಪಲ್ಲಿ ಇಬ್ಬಿಬ್ರ ಜೋಡಿ 32,640. ಜನ ನಾಲ್ಕು ಪಟ್ಟು ಆಗಿ 1024 ಆದ್ರೆ ಜೋಡಿ 5,23,776, ಹದಿನಾರು ಪಟ್ಟು. ಅಷ್ಟು ಜೋಡಿಲಿ ಯಾರಿಗೆ ಯಾರ ಮೇಲೆ ಮುನಿಸು ಅಂತ ಅಡ್ಮಿನ್ ಕಾಯ್ಬೇಕು. ಒಳಗಡೆ ಯಂತ್ರಕ್ಕೂ ಕೆಲಸ ಇದೆ, ಮೆಸೇಜ್ ಬೀಗ ಹಾಕಿ ಹೋಗೋದ್ರಿಂದ ಕಳಿಸೋನ ಬೀಗದ ಕೈ ಪ್ರತಿ ಸದಸ್ಯನ ಫೋನಿಗೂ ತಲುಪಿರಬೇಕು, ಒಬ್ಬ ಗ್ರೂಪ್ ಬಿಟ್ಟು ಹೋದ್ರೆ ಎಲ್ರೂ ಬೀಗದ ಕೈ ಬದಲಾಯಿಸ್ಬೇಕು.

ಕಡಲತಡಿ

ಅಣ್ಣ, ಓದಿ ಕಣ್ಣು ತುಂಬಿ ಬಂತು. ನಾನು ಓ ಪಾಸಿಟಿವ್. ಉಡುಪಿ ಮಣಿಪಾಲ ಕಡೆ ಯಾರಿಗಾದ್ರೂ ಬೇಕಾದ್ರೆ ನನ್ನನ್ನ ಸೇರಿಸಿಕೊಳ್ಳಿ. ನಿಮ್ಮ ನಂಬರ್ ಖಾಸಗಿಯಾಗಿ ಕಳಿಸಿ, ಸೇವ್ ಮಾಡಿ ಇಡ್ತೇನೆ.

ಮೇಷ್ಟ್ರೇ, ತೀರಿಹೋದವರ ಬಗ್ಗೆ ಯಾರೂ ಹೇಳಲಿಲ್ಲ. ಫೇಸ್‌ಬುಕ್ಕಲ್ಲಿ ಅಂಥವರ ಖಾತೆಯನ್ನ ಸ್ಮರಣೆಯ ಖಾತೆ ಅಂತ ಮಾಡಿಸ್ಲಿಕ್ಕೆ ಆಗ್ತದೆ, ಮನೆಯವರು ಇಲ್ಲವೇ ಸ್ನೇಹಿತರು ಮರಣದ ದಾಖಲೆ ಕೊಡ್ಬೇಕು. ಹಾಗೆ ಮಾಡಿದ್ರೆ ಹೆಸರಿನ ಹತ್ರ ಸ್ಮರಣೆ ಅಂತ ಬರ್ತದೆ, ಹುಟ್ಟುಹಬ್ಬ ಅಂತ ಎಲ್ರಿಗೂ ನೆನಪು ಮಾಡುವುದು ನಿಲ್ತದೆ. ನನ್ನ ಅತ್ತೆಯವರದ್ದು ಹಾಗೆ ಮಾಡಿಸಿದ್ದೇವೆ. 2015ರಿಂದ ಬದುಕಿರುವಾಗಲೇ ಒಬ್ಬರ ಹೆಸರು ಬರೆದಿಡ್ಲಿಕ್ಕೂ ಉಂಟು, ನಮ್ಮ ನಂತರ ಖಾತೆ ನೋಡಿಕೊಳ್ಳುವವರು ಅಂತ. ನಾನು ಮಗಳ ಹೆಸರು ಹಾಕಿದ್ದೇನೆ.

ನಿವೃತ್ತ ಮೇಷ್ಟ್ರು

ಮೂರು ವಾರ ಆಯ್ತು, ಏನ್ಮಾಡಿದೆ ಅಂತ ಹೇಳ್ತೀನಿ.

ಒಂದು ಉದ್ದ ರಿಜಿಸ್ಟರ್ ಬುಕ್ ತಂದೆ, ಹಾಜರಿ ಪುಸ್ತಕದ ಥರದ್ದು. ರಾತ್ರಿ ಒಂದು ಗಂಟೆ ಕೂತು ಲಿಸ್ಟಲ್ಲಿರೋರನ್ನ ಒಬ್ಬೊಬ್ರಾಗಿ ನೋಡ್ತೀನಿ. ಸ್ಟೂಡೆಂಟಾದ್ರೆ ಬ್ಯಾಚು, ಊರು, ಈಗ ಎಲ್ಲಿದಾರೆ ಅಂತ ಬರ್ಕೋತೀನಿ. ಗೊತ್ತಿಲ್ಲದೋರಾದ್ರೆ, ಯಾವತ್ತಾದ್ರೂ ಮಾತಾಡಿದ್ವಾ ಅಂತ ಮೆಸೇಜ್ ನೋಡಿ, ಇಲ್ಲ ಅಂದ್ರೆ ತೆಗೀತೀನಿ. ಮೊದಲ ದಿನ ಒಬ್ರನ್ನ ತೆಗೆಯೋಕೆ ಹತ್ತು ನಿಮಿಷ ತಗೊಂಡೆ. ಈಗ ಆಗತ್ತೆ.

ಇಲ್ಲಿವರೆಗೆ 1900 ಜನರನ್ನ ನೋಡಿದೀನಿ, ಅದರಲ್ಲಿ ನನ್ನ ಸ್ಟೂಡೆಂಟ್ಸ್ 410 ಅಷ್ಟೇ. ಇದು ನೋಡಿ ನಂಗೆ ನಿಜವಾಗ್ಲೂ ದುಃಖ ಆಗಿದ್ದು. ವರ್ಷಕ್ಕೆ ನೂರಿಪ್ಪತ್ತು ಮಕ್ಕಳು ಅಂತ ಹಿಡಿದ್ರೆ 31 ವರ್ಷಕ್ಕೆ 3700 ಚಿಲ್ರೆ ಆಗತ್ತೆ. ಅಷ್ಟೂ ಮಕ್ಕಳು ಬಂದ್ರೂ 5000ದಲ್ಲಿ ಜಾಗ ಮಿಕ್ತಿತ್ತು. ಮಿತಿ ಚಿಕ್ಕದಾಗಿದ್ದಕ್ಕೆ ಅವರು ಹೊರಗೆ ಉಳಿದಿದ್ದಲ್ಲ, ನಾನು ಒತ್ತಿದ್ದಕ್ಕೆ ಉಳಿದ್ರು. ಆವತ್ತು ಒಂದೊಂದು ಹೆಸರು ಓದಿ ಒತ್ತಿದ್ರೆ ಸಾಕಿತ್ತು, ತರಗತೀಲಿ ದಿನಾ ಒಂದೊಂದು ಹೆಸರು ಕರೀತಿದ್ದೋನೇ ನಾನು.

ಫಾಲೋ ಪಬ್ಲಿಕ್ ಮಾಡಿದೀನಿ. ಪೇಜ್ ಮಾಡಲ್ಲ, ಯಕ್ಷಾಭಿಮಾನಿಗಳಿಗೆ ಧನ್ಯವಾದ. ಗಣಿತದ ಮೇಷ್ಟ್ರ ಮನೆಗೆ ಹೋಗಿದ್ದೆ, ಅವರ ಶ್ರೀಮತಿಯವರ ಹತ್ರ ಕಡಲತಡಿಯವರು ಹೇಳಿದ್ದನ್ನ ಹೇಳ್ದೆ. "ಬೇಡ ಸರ್, ಹುಟ್ಟಿದಬ್ಬಕ್ಕೆ ಜನ ಹಾಕ್ತಾರಲ್ಲ, ನಾನು ಅದನ್ನೆಲ್ಲ ಓದ್ತೀನಿ, ಒಂದಿನ ಮನೇಲಿ ಇದಾರೆ ಅನ್ಸತ್ತೆ" ಅಂದ್ರು. ಹಾಗೇ ಬಿಟ್ವಿ. ನನ್ನ ಲಿಸ್ಟಲ್ಲೂ ಹಾಗೇ ಇರ್ತಾರೆ.

1994ರ ಹುಡುಗನಿಗೆ ಮೆಸೇಜ್ ಮಾಡ್ಲಿಲ್ಲ, ಫೋನೇ ಮಾಡ್ದೆ. ಕೊಪ್ಪದಲ್ಲಿ ಅವನದು ಅಡಿಕೆ ಸುಲಿಯೋ ಮೆಶಿನ್ ರಿಪೇರಿ ಅಂಗಡಿಯಂತೆ. ಬ್ಲಾಕ್ ಮಾಡಿಲ್ಲ ಕಣಪ್ಪ, ಜಾಗ ಇರ್ಲಿಲ್ಲ ಅಂತ ವಿವರಿಸೋಕೆ ಹೊರಟ್ರೆ ಅರ್ಧಕ್ಕೇ ನಿಲ್ಲಿಸಿ, "ಸರ್, ನಿಮ್ ದನಿ ಹಾಗೇ ಇದೆ" ಅಂದ. ಮುಂದಿನ ಭಾನುವಾರ ಬರ್ತಾನಂತೆ, ಅವನ ಬ್ಯಾಚಿನ ಇನ್ನಿಬ್ರು ಜೊತೆಗೆ.

ಸಿಂಧನೂರಿನ ತಮ್ಮನ ವಿವರ ಮೂರು ಜನ ಹಳೇ ಸ್ಟೂಡೆಂಟ್ಸಿಗೆ ಕಳಿಸಿದೀನಿ, ಒಬ್ಬಳು ಫೋನ್ ಮಾಡಿ ಮಾತಾಡಿದಾಳೆ.

ಸಿಂಧನೂರು ಪದವೀಧರ

ಹೌದ್ರಿ, ಮಾತಾಡಿದ್ರು ಅಕ್ಕಾರು. ರೆಸ್ಯೂಮ್ ತಿದ್ದಿ ಕೊಟ್ಟಾರ, ಗುರುವಾರ ಒಂದು ಟೆಸ್ಟ್ ಐತಿ.

ಹುಬ್ಬಳ್ಳಿ ರಕ್ತದಾನಿ

ಸರ್, ಆ ರಿಜಿಸ್ಟರಿನ ಒಂದು ಪುಟದ ಫೋಟೋ ಹಾಕ್ತೀರೇನ್ರಿ? ನಮ್ಮ ದಾನಿಗಳದೂ ಹಂಗ ಕೈಲೆ ಬರದು ಇಡಬೇಕಂತ ಮಾಡೀವಿ, ಫೋನ್ ಕೆಟ್ರ ಎಲ್ಲಾ ಹೋಗತೈತಿ.

ನಿವೃತ್ತ ಮೇಷ್ಟ್ರು

ಬರೆದ ಪುಟ ಬೇಡ, ಮಕ್ಕಳ ಹೆಸರು ನಂಬರು ಎಲ್ಲಾ ಇದೆ. ಖಾಲಿ ಪುಟಕ್ಕೆ ಗೆರೆ ಹಾಕಿರೋದನ್ನ ಬೆಳಗ್ಗೆ ಹಾಕ್ತೀನಿ. ನಿಮ್ಮದಕ್ಕೆ ಒಂದು ಕಾಲಂ ಹೆಚ್ಚಿಗೆ ಬೇಕಾಗತ್ತೆ, ಕೊನೇ ಸಲ ರಕ್ತ ಕೊಟ್ಟ ತಾರೀಖು.